ಎರೆಮಣ್ಣಿನ ಪ್ಲಾಟು ಹುಡುಕಿದ ಮಳೆಗಾಲ

ಲಾಸಲಗಾಂವ್ ಬಂತೆಂಬುದು ರೈಲಿನಲ್ಲಿ ಕೂತವರಿಗೆ ಮೊದಲು ಮೂಗಿನಿಂದ ಗೊತ್ತಾಗುತ್ತದೆ. ಕಿಟಕಿ ಮುಚ್ಚಿದರೂ ಉಳ್ಳಾಗಡ್ಡಿಯ ಘಾಟು ಒಳಗೆ ಬಂದೇ ಬರುತ್ತದೆ. ಮೊನ್ನೆ ನಾಶಿಕದಿಂದ ಸಂಭಾಜಿನಗರಕ್ಕೆ ಹೊರಟಾಗಲೂ ಹಾಗೇ ಆಯಿತು. ಎದುರಿಗಿದ್ದ ಹುಡುಗಿ ಮೂಗಿಗೆ ದುಪಟ್ಟಾ ಹಿಡಿದಳು. ನನಗೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಲ್ಲಿ ನೆನಪಾದಂತಾಯಿತು. ಕೆಲವು ವರ್ಷಗಳ ಹಿಂದೆ ಒಂದಿಡೀ ಮಳೆಗಾಲ, ವಾರದ ರಜೆ ಬಂದರೆ ಸಾಕು, ನಾನೂ ನನ್ನ ಗಂಡನೂ ಇದೇ ರೈಲು ಹತ್ತುತ್ತಿದ್ದೆವು. ಜಾಗ ನೋಡಲು ಹೋಗುತ್ತಿದ್ದೆವು. ಆ ಮಳೆಗಾಲದಲ್ಲಿ ನಾನು ಒಂದು ದಿನವೂ ನೆಮ್ಮದಿಯಿಂದ ಕೂತು ಉಂಡದ್ದು ನೆನಪಿಲ್ಲ.

ನಮ್ಮವರು, ನಾನು ಹೆಸರು ಹಿಡಿದು ಕರೆಯುವುದಿಲ್ಲ, ಆದ್ದರಿಂದ ಇಲ್ಲೂ ಇವರು ಎಂದೇ ಬರೆಯುತ್ತೇನೆ, ನಾಶಿಕದ ಒಂದು ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತೇ ತಲೆಗೂದಲು ಬೆಳ್ಳಗೆ ಮಾಡಿಕೊಂಡವರು. ಆ ವರ್ಷ ಕಾರ್ಖಾನೆ ಬಾಗಿಲು ಹಾಕಿತು. ಕೆಲಸಗಾರರಿಗೆಲ್ಲ ಲೆಕ್ಕ ಮುಗಿಸಿ ಒಂದು ಗಂಟು ಕೊಟ್ಟು ಕಳಿಸಿದರು. ನಮ್ಮಂಥವರ ಜನ್ಮದಲ್ಲಿ ಒಂದೇ ಸಲ ಬರುವ ದುಡ್ಡು ಅದು. ಕೈ ಖಾಲಿ ಬಿಟ್ಟು ಕೂರಲಾಗದೆ ಇವರು ಓಝರ್ ಕಡೆ ಒಂದು ಸಣ್ಣ ವರ್ಕ್‌ಶಾಪಿಗೆ ಸೇರಿದರು. ಅಲ್ಲೂ ಅದೇ ಲೇತು, ಅದೇ ನಿಲ್ಲುವುದು. ಸಂಜೆ ಮನೆಗೆ ಬಂದವರೇ ಲಟ್ಟಣಿಗೆಯನ್ನು ಸೊಂಟದ ಕೆಳಗಿಟ್ಟುಕೊಂಡು ನೆಲದ ಮೇಲೆ ಮಲಗುತ್ತಿದ್ದರು. ನಿಲ್ಲುವ ಕೆಲಸ ಬಿಡದಿದ್ದರೆ ಮುಂದೆ ನಡೆಯುವುದೇ ಕಷ್ಟ ಎಂದು ಡಾಕ್ಟರು ಹೇಳಿದ್ದರು. ಮಗಳು ಶ್ರುತಿಯ ಫಾರ್ಮಸಿ ಓದು ಇನ್ನೂ ಮುಗಿದಿರಲಿಲ್ಲ. ಹಾಗಾಗಿ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಆ ಗಂಟು ತಿಂಗಳಿಗೆ ಇಷ್ಟು ಎಂದು ಮನೆಗೆ ಹಣ ತರಬೇಕು, ಇವರು ಲೇತಿನ ಮುಂದಿನಿಂದ ಈಚೆ ಬರಬೇಕು.

ನಾನು ಸೀರೆ ಅಂಗಡಿಯಲ್ಲಿ ಕೆಲಸ ಮಾಡುವವಳು. ಗಾದಿಯ ಮೇಲೆ ಗಿರಾಕಿ ಕೂತ ಕೂಡಲೇ ಸೀರೆ ಬಿಚ್ಚುವುದಿಲ್ಲ. ನೀವು ಉಡುವುದಕ್ಕೋ, ಮುಯ್ಯಿಗೆ ಆಯೇರಿ ಕೊಡುವುದಕ್ಕೋ, ಮದುವೆಗೋ ಎಂದು ಮೊದಲು ಕೇಳುತ್ತೇವೆ. ಕೇಳದೆ ಬಿಚ್ಚಿದರೆ ಸಂಜೆಯವರೆಗೆ ಗುಡ್ಡೆ ಬೀಳುತ್ತದೆ, ಗಿರಾಕಿ ನಾಳೆ ಬರುತ್ತೇನೆಂದು ಎದ್ದು ಹೋಗುತ್ತಾಳೆ. ಒಂದು ಸೀರೆಗೆ ಇಷ್ಟು ವಿಚಾರ ಮಾಡುವ ಜನ, ಜಾಗ ಎಂದ ಕೂಡಲೇ ಕಣ್ಣು ಮುಚ್ಚಿ ಓಡುತ್ತಾರೆ. ನಮ್ಮ ಮನೆಯಲ್ಲೂ ಅದೇ ಆಯಿತು.

ದುಡ್ಡು ಬಂದ ಸುದ್ದಿ ಕೇಳಿ ಮೊದಲು ಫೋನ್ ಮಾಡಿದವರು ನಮ್ಮ ಭಾವ, ಇವರ ಅಣ್ಣ. ಸಂಭಾಜಿನಗರದಲ್ಲಿ ಅವರದು ಸ್ಟೀಲ್ ಭಾಂಡೆ-ಪಾತ್ರೆಗಳ ಅಂಗಡಿ. ಮಾವನವರು ತೀರಿಕೊಂಡ ಮೇಲೆ ತಮ್ಮನನ್ನು ಬೆಳೆಸಿ ದೊಡ್ಡವನನ್ನಾಗಿ ಮಾಡಿದವರು. ಆಳಂದದ ಕಡೆಯ ನಮ್ಮ ಹಳ್ಳಿಯಲ್ಲಿ ಇವತ್ತಿಗೂ ಅವರ ಮಾತಿಗೆ ತೂಕವಿದೆ.

"ರೊಕ್ಕ ಬ್ಯಾಂಕಿನ್ಯಾಗ ಇಟ್ರ ಕರಗ್ತದ. ಜಾಗಾ ತಗೋ. ನಾನೂ ಅರ್ಧ ಹಾಕ್ತೀನಿ, ಕೂಡೇ ತಗೊಳ್ಳೂಣು," ಎಂದರು.

"ಆಯ್ತಣ್ಣ," ಎಂದರು ಇವರು. ಅಷ್ಟೇ. ಎಂಥ ಜಾಗ, ಎಲ್ಲಿ, ಯಾವುದಕ್ಕೆ, ಒಂದೂ ಕೇಳಲಿಲ್ಲ. ಫೋನ್ ಇಟ್ಟ ಮೇಲೆ ನಾನು ಕೇಳಿದೆ.

"ತಿಂಗಳಾ ಬಾಡಗಿ ಬರೂವಂಥಾದ್ದು ತಗೊಳ್ಳೂಣ್ರಿ. ಒಂದು ಗಾಳಾ ಆದ್ರೂ ನಡೀತದ." ರಸ್ತೆ ಬದಿಯ ಒಂದು ಶಟರಿನ ಅಂಗಡಿ ಕೋಣೆಗೆ ಇಲ್ಲಿ ಗಾಳಾ ಎನ್ನುತ್ತಾರೆ.

"ಹೂಂ. ಅಣ್ಣ ಏನಂತಾನ ನೋಡೂಣು," ಎಂದು ಲಟ್ಟಣಿಗೆ ಸರಿಮಾಡಿಕೊಂಡು ಆ ಕಡೆ ಹೊರಳಿದರು.

ಅಣ್ಣ ಏನೆನ್ನುತ್ತಾರೆಂದು ನಾನೇ ಕೇಳಬಹುದಿತ್ತಲ್ಲ ಎಂದರೆ, ಇಲ್ಲ. ನಮ್ಮಲ್ಲಿ ತಮ್ಮನ ಹೆಂಡತಿ ಭಾವನ ಎದುರಿಗೆ ನಿಂತು ಮಾತಾಡುವುದಿಲ್ಲ. ಊರು ಬಿಟ್ಟು ಎಷ್ಟೋ ವರ್ಷವಾದರೂ ಈ ರೀತಿ ನಮ್ಮ ಜೊತೆಗೇ ರೈಲು ಹತ್ತಿ ಬಂದಿತ್ತು. ಭಾವ ಬಂದರೆ ತಲೆಯ ಮೇಲೆ ಸೆರಗು ಎಳೆದುಕೊಂಡು ಬಾಗಿಲ ಮರೆಗೆ ನಿಲ್ಲಬೇಕು. ನಾಶಿಕದ ಬಾಡಿಗೆಯ ಎರಡು ಕೋಣೆಯಲ್ಲಿ ಬಾಗಿಲ ಮರೆ ಎಲ್ಲಿಂದ ತರುವುದು? ನಾನು ಫ್ರಿಜ್ಜಿನ ಪಕ್ಕ ನಿಲ್ಲುತ್ತಿದ್ದೆ. ನನ್ನ ಮಾತೇನಿದ್ದರೂ ನನ್ನ ನೆಗೆಣ್ಣಿ, ಭಾವನ ಹೆಂಡತಿ ಶಾಂತಕ್ಕನ ಬಾಯಿಂದ ಹೋಗಬೇಕು. ನಾನು ಹೇಳಿದ್ದು ಭಾವನಿಗೆ ನೇರವಾಗಿ ಕೇಳಿಸುತ್ತಿತ್ತು, ಆದರೂ ಶಾಂತಕ್ಕ ಇನ್ನೊಮ್ಮೆ ಹೇಳುವವರೆಗೆ ಅವರು ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂರುತ್ತಿದ್ದರು. ಶ್ರುತಿಗೆ ಇದು ದೊಡ್ಡ ತಮಾಷೆ. "ಆಯಿ, ಕಾಕಾಲಾ ವಾಟ್ಸಾಪ್ ಕರ್ ನಾ," ದೊಡ್ಡಪ್ಪನಿಗೆ ವಾಟ್ಸಾಪ್ ಮಾಡಬಾರದೇ, ಎಂದು ಮರಾಠಿಯಲ್ಲಿ ನಗುತ್ತಿದ್ದಳು.

ಜೂನಿನಲ್ಲಿ ನಮ್ಮ ತಿರುಗಾಟ ಶುರುವಾಯಿತು. ಬೆಳಗ್ಗೆ ರೈಲು, ಮಧ್ಯಾಹ್ನ ಭಾವನ ಹಳೆಯ ವ್ಯಾನು, ಸಂಜೆ ಮತ್ತೆ ರೈಲು. ಹೊಸ ಹೆದ್ದಾರಿಯ ಹತ್ತಿರ ಎಂದು ಒಬ್ಬ ಏಜೆಂಟ್ ಕರೆದುಕೊಂಡು ಹೋಗುತ್ತಿದ್ದ, ಮುಂದೆ ಕಾರ್ಖಾನೆ ಬರುತ್ತದೆ ಎಂದು ಇನ್ನೊಬ್ಬ. ಬಯಲಿನ ನಡುವೆ ದೊಡ್ಡ ಕಮಾನು, ಕಮಾನಿನ ಎರಡೂ ಕಡೆ ಸಿಮೆಂಟಿನ ಸಿಂಹ, ಒಳಗೆ ಹೋದರೆ ಸುಣ್ಣದ ಗೆರೆ ಬಿಟ್ಟರೆ ಏನೂ ಇಲ್ಲ. ಕೂಸು ಹುಟ್ಟುವ ಮೊದಲೇ ಕುಲಾವಿ. ಎಲ್ಲರೂ ನಮ್ಮ ಬಜೆಟ್ ಕೇಳುತ್ತಿದ್ದರು. ಯಾತಕ್ಕೆ ಬೇಕು ಎಂದು ಕೇಳಿದ ಒಬ್ಬ ಗಂಡಸನ್ನೂ ನಾನು ಕಾಣಲಿಲ್ಲ.

ಭಾವನ ಪರೀಕ್ಷೆಯೇ ಬೇರೆ. ವ್ಯಾನಿನಿಂದ ಇಳಿದವರೇ ಚಪ್ಪಲಿ ಬಿಟ್ಟು, ಬಗ್ಗಿ, ಒಂದು ಹಿಡಿ ಮಣ್ಣು ತೆಗೆದು ಅಂಗೈಯಲ್ಲಿ ಹಿಸುಕಿ ಮೂಗಿಗೆ ಹಿಡಿಯುತ್ತಿದ್ದರು. ಮುರುಮಿನ ಗಟ್ಟಿ ಗರಸು ನೆಲ ಕಂಡರೆ ಮುಖ ಹುಳ್ಳಗಾಗುತ್ತಿತ್ತು.

"ಇಲ್ಲಿ ಹುಲ್ಲ ಸುದ್ದಾ ಬೆಳ್ಯಾಂಗಿಲ್ಲ. ನಡೀರಿ," ಎನ್ನುತ್ತಿದ್ದರು. ಊರೊಳಗೇ, ಬಸ್ಸು ನಿಲ್ಲುವ ಕಡೆಯೇ, ನಾಳೆಯೇ ಕಟ್ಟಡ ಎಬ್ಬಿಸಬಹುದಾದ ಎರಡು ಜಾಗ ಹೀಗೆ ಕೈಬಿಟ್ಟವು. ಏಜೆಂಟರು ಮುಖ ಮುಖ ನೋಡಿಕೊಂಡರು. ನಾವು ಮಾತ್ರ ಹೌದು ಹೌದೆಂದು ಗೋಣು ಹಾಕಿದೆವು. ಎರೆಭೂಮಿಯ ಜನ ನಾವು. ಮಣ್ಣು ಕಪ್ಪಗಿದ್ದರೆ ಭೂಮಿ, ಇಲ್ಲದಿದ್ದರೆ ಬರೀ ನೆಲ. ಪಟ್ಟಣದಲ್ಲಿ ಅರ್ಧ ಆಯುಷ್ಯ ಕಳೆದರೂ ಈ ಲೆಕ್ಕ ತಲೆಯಿಂದ ಹೋಗಿರಲಿಲ್ಲ.

ಆಮೇಲೆ ದೌಲತಾಬಾದಿನ ಆಚೆಯ ಆ ಪ್ಲಾಟು ಸಿಕ್ಕಿತು. ದೂರದಲ್ಲಿ ಕೋಟೆಯ ಗುಡ್ಡ ಕಾಣುತ್ತಿತ್ತು. ಹಿಂದಿನ ದಿನವಷ್ಟೇ ಮೊದಲ ಮಳೆ ಬಿದ್ದಿತ್ತು. ಭಾವ ಮಣ್ಣು ಹಿಡಿದು ಮುಷ್ಟಿ ಬಿಗಿದರು, ಬಿಚ್ಚಿದರು. ಬೆರಳಿನ ಗೆರೆಗಳು ಸಹ ಅದರ ಮೇಲೆ ಮೂಡಿದ್ದವು.

"ಬಿಳಿಜೋಳದ ಹೊಲ ನೋಡು ಇದು. ನಮ್ಮಪ್ಪಂದು ಹಿಂಗೇ ಇತ್ತು," ಎಂದು ಇವರ ಕೈಗೆ ಕೊಟ್ಟರು. ಇವರು ಅದನ್ನು ಸುಮ್ಮನೆ ಹಿಡಿದುಕೊಂಡು ನಿಂತರು. ಶಾಂತಕ್ಕ ಅಲ್ಲೇ ಒಂದಿಷ್ಟು ಸೆರಗಿನ ತುದಿಗೆ ಕಟ್ಟಿಕೊಂಡಳು. ನಾನೂ ಒಂದು ಹಿಡಿ ಎತ್ತಿ ಮೂಗಿಗೆ ಹಿಡಿದೆ, ಯಾಕೆ ಸುಳ್ಳು ಹೇಳಲಿ. ಏಜೆಂಟ್ ಪಕ್ಕದಲ್ಲಿ ನಿಂತು, ಕಾಗದ ಎಲ್ಲ ಸರಿಯಿದೆ, ಬೇಸಾಯದ್ದಲ್ಲದ ಜಮೀನೆಂದು ಸರಕಾರದ ಮೊಹರು ಬಿದ್ದಿದೆ ಎಂದು ಹೇಳುತ್ತಲೇ ಇದ್ದ. ಬೇಸಾಯ ಮಾಡಕೂಡದ ಆ ಜಮೀನನ್ನು ನಾವು ಬೇಸಾಯದ ಕಣ್ಣಿನಿಂದ ನೋಡಿ ಮೆಚ್ಚಿಕೊಂಡಿದ್ದೆವು. ಭಾವ ಅಂದೇ ತಮ್ಮ ಜೇಬಿನಿಂದ ಮುಂಗಡ ಕೊಟ್ಟರು. ಶ್ರಾವಣದಲ್ಲಿ ರಿಜಿಸ್ಟ್ರಿ ಎಂದಾಯಿತು.

ವಾಪಸು ಬರುವಾಗ ರೈಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಇವರು ಮನಮಾಡದವರೆಗೆ ಸೊಂಟಕ್ಕೆ ಕೈಯಿಟ್ಟುಕೊಂಡು ನಿಂತೇ ಬಂದರು. ಅವರನ್ನು ನೋಡುತ್ತ ನೋಡುತ್ತ ನನಗೆ ಮಣ್ಣಿನ ಅಮಲು ಇಳಿಯಿತು. ಈ ಪ್ಲಾಟು ತಿಂಗಳಿಗೆ ಏನು ಕೊಡುತ್ತದೆ? ಏನೂ ಇಲ್ಲ. ಹತ್ತು ವರ್ಷ ಬಿಟ್ಟರೆ ಬೆಲೆ ಬರಬಹುದು. ಹತ್ತು ವರ್ಷ ಈ ಬೆನ್ನು ನಿಲ್ಲಬೇಕಲ್ಲ. ಮನೆ ಮುಟ್ಟುವವರೆಗೆ ಇದೇ ಮಾತು ತಲೆಯಲ್ಲಿ ಕುಟ್ಟುತ್ತಿತ್ತು.

ಮರುದಿನವೇ ಶಾಂತಕ್ಕನಿಗೆ ಫೋನ್ ಹಚ್ಚಿದೆ.

"ಅಕ್ಕಾ, ಭಾವಾಗ ಹೇಳ್ರಿ, ಪ್ಲಾಟಿಂದ ತಿಂಗಳಾ ಏನೂ ಬರಾಂಗಿಲ್ಲ, ಇವ್ರಿಗೆ ನಿಂತು ದುಡೀಲಾಕ ಆಗಲ್ಹಂಗ ಆಗ್ಯದ ಅಂತ."

"ಹೇಳ್ತೀನಿ ತಗೋ," ಎಂದಳು. ವಾರ ಕಳೆಯಿತು, ಉತ್ತರವಿಲ್ಲ. ಮತ್ತೆ ಹೇಳಿದೆ. ಇನ್ನೊಂದು ವಾರ. ನಾನು ಅಂಗಡಿಯಲ್ಲಿ ಕೆಂಪು ಕೇಳಿದವರಿಗೆ ಹಸಿರು ಬಿಚ್ಚಿ ತೋರಿಸತೊಡಗಿದೆ. ಬಿಡುವಾದಾಗಲೆಲ್ಲ ನಾಶಿಕದೊಳಗೇ ಗಾಳಾ ಎಲ್ಲಿ ಮಾರಾಟಕ್ಕಿದೆ ಎಂದು ಕೇಳಿಕೊಂಡು ತಿರುಗಿದೆ. ಓಝರ್‌ಗೆ ಹೋಗುವ ರಸ್ತೆಯ ಬದಿ, ಹೊಸ ಅಪಾರ್ಟ್‌ಮೆಂಟಿನ ಕೆಳಗೆ ಒಂದು ಸಿಕ್ಕಿತು. ಮೇಲೆ ತುಂಬಿದ ಮನೆಗಳು, ಎದುರಿಗೆ ಶಾಲೆ. ಔಷಧಿ ಅಂಗಡಿ ಇಡಲು ಒಬ್ಬರು ಬಾಡಿಗೆಗೆ ಕೇಳುತ್ತಿದ್ದಾರೆ ಎಂದೂ ಗೊತ್ತಾಯಿತು. ಇವರಿಗೆ ತೋರಿಸಿದೆ. "ಛಲೋ ಅದ. ಆದ್ರ ಅಣ್ಣ ಮುಂಗಡ ಕೊಟ್ಟಾನಲ್ಲ," ಎಂದರು. ಎತ್ತು ಏರಿಗೆ, ಕೋಣ ನೀರಿಗೆ. ಇವರು ಬಂಡಿಯ ಹಾಗೆ ನಡುವೆ ನಿಂತಿದ್ದರು.

ರಿಜಿಸ್ಟ್ರಿಗೆ ಮುಂಚೆ ಪ್ಲಾಟಿನಲ್ಲಿ ಕಾಯಿ ಒಡೆಯಬೇಕೆಂದು ಭಾವ ಎಲ್ಲರನ್ನೂ ಕರೆಸಿದರು. ಎರಡು ದಿನದಿಂದ ಬಿಡದ ಮಳೆ. ವ್ಯಾನು ಕಮಾನಿನ ಹತ್ತಿರವೇ ಹೂತಿತು. ನಡೆದು ಹೊರಟರೆ ಎರೆಮಣ್ಣು ಚಪ್ಪಲಿಯನ್ನೇ ಎಳೆದುಕೊಂಡಿತು. ಬರಿಗಾಲಲ್ಲಿ, ಒಂದೊಂದು ಕಾಲಿಗೆ ಸೇರುಗಟ್ಟಲೆ ಮಣ್ಣು ಹೊತ್ತುಕೊಂಡು ಪ್ಲಾಟು ಮುಟ್ಟಿದೆವು. ಪಕ್ಕದಲ್ಲಿ ಒಂದೇ ಒಂದು ಮನೆ ಎದ್ದಿತ್ತು. ಕಾಲು ತೊಳೆಯಲು ನೀರು ಕೇಳಿದಾಗ ಆ ಮನೆಯ ಹೆಂಗಸು ಬಾಗಿಲನ್ನು ಭುಜದಿಂದ ನೂಕಿ ತೆರೆದಳು. ಗೋಡೆಯಲ್ಲಿ ಕಿಟಕಿಯಿಂದ ನೆಲದವರೆಗೆ ಬಿರುಕು ಬಿಟ್ಟಿತ್ತು. ಈ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ, ಅಡಿಪಾಯವನ್ನು ಕೆಳಗಿನ ಗಟ್ಟಿ ಪದರದವರೆಗೆ ಇಳಿಸದೆ ಕಟ್ಟಿ ಕೆಟ್ಟೆವು, ಮಳೆಗಾಲದಲ್ಲಿ ಒಂದು ಬಾಗಿಲೂ ಮುಚ್ಚುವುದಿಲ್ಲ ಎಂದು ಮರಾಠಿಯಲ್ಲಿ ಗೋಳು ಹೇಳಿಕೊಂಡಳು. ಭಾವನೂ ಕೇಳಿಸಿಕೊಂಡರು. ಆದರೆ ಅವರ ಕಣ್ಣೆಲ್ಲ ತಮ್ಮ ಕಾಲಿಗೆ ಮೆತ್ತಿದ ಮಣ್ಣಿನ ಮೇಲೆಯೇ ಇತ್ತು.

"ನೋಡು, ಹ್ಯಾಂಗ ನೀರು ಹಿಡಿದದ," ಎಂದು ತಮ್ಮನಿಗೆ ತೋರಿಸಿದರು. ಮುಖದಲ್ಲಿ ಸಣ್ಣ ಹುಡುಗನ ಸಂತೋಷ.

ನಾನು ಶಾಂತಕ್ಕನ ಕಡೆ ತಿರುಗಿದೆ. "ಅಕ್ಕಾ, ನಾ ಹೇಳಿದ್ದು ಭಾವಾಗ ಹೇಳಿದ್ರಿಲ್ಲ?"

ಅವಳು ತೆಂಗಿನಕಾಯಿಯ ಜುಟ್ಟು ಕೀಳುತ್ತ, "ನಿಂಗ ಜಾಗಾ ಭಾಳ ಮನಸ್ಸಿಗೆ ಬಂದದ ಅಂತ ಹೇಳೀನಿ. ಮನ್ಯಾಗ ಯಾಕ ಸುಮ್ನ ಕಿರಿಕಿರಿ," ಎಂದಳು.

ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. ಸೆರಗು ಆಗಲೇ ಮಳೆಗೆ ತೊಯ್ದು ಹೆಗಲಿಗೆ ಜಾರಿತ್ತು. ಮತ್ತೆ ಎಳೆದುಕೊಳ್ಳಲಿಲ್ಲ. ಮದುವೆಯಾಗಿ ಬಂದ ಮೇಲೆ ಮೊದಲ ಸಲ ಭಾವನ ಮುಖ ನೋಡಿ ಮಾತಾಡಿದೆ.

"ಭಾವಾ, ನಾವಿಲ್ಲಿ ಜೋಳ ಬಿತ್ತಲಾಕ ಬಂದೀವೇನ್ರಿ? ಈ ಜಾಗಾ ಯಾವುದಕ್ಕ? ಮನಿ ಕಟ್ಟಲಾಕೋ, ಮಾರಲಾಕೋ, ಬಾಡಗಿಗೋ? ಒಮ್ಮಿ ಹೇಳಿಬಿಡ್ರಿ."

ಶಾಂತಕ್ಕನ ಕೈಯಲ್ಲಿ ಕಾಯಿ ಹಾಗೇ ನಿಂತಿತು. ಭಾವ ಅಭ್ಯಾಸಬಲದಿಂದ ಅವಳ ಕಡೆ ನೋಡಿದರು. ಅವಳು ತಲೆ ತಗ್ಗಿಸಿ ಮತ್ತೆ ಕಾಯಿಯ ಜುಟ್ಟು ಕೀಳತೊಡಗಿದಳು. ಕೊನೆಗೆ ಭಾವ ಗಡಿಕಲ್ಲಿನ ಮೇಲೆ ಕೂತು, ನನ್ನನ್ನು ನೋಡದೆ, ಆದರೆ ನನಗೇ ಉತ್ತರ ಕೊಟ್ಟರು.

"ಅಪ್ಪನ ಹೊಲಾ ಮಾರಿ ನಾ ಅಂಗಡಿ ಇಟ್ಟೆ. ಇಂವ ಆವಾಗ ಸಣ್ಣಾಂವ, ಸಹಿ ಹಾಕು ಅಂದ್ರ ಹಾಕ್ದ. ಹೊಲಾ ಇದ್ದಿದ್ರ ಇಂವ ಯಾಕ ಕಂಪನ್ಯಾಗ ಬೆನ್ನು ಮುರ್ಕೋತಿದ್ದ? ಇವಗ ಮಣ್ಣು ತಿರಿಗಿ ಕೊಡಬೇಕಂತ ಭಾಳ ದಿವಸದಿಂದ ಮನಸ್ಸಿನ್ಯಾಗ ಅದ. ಅದಕ್ಕ ತಂಗಿ. ಬ್ಯಾರೆ ಏನಿಲ್ಲ."

ತಂಗಿ ಎಂದದ್ದು ನನಗೆ. ಕೋಪ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅಳು ಬಂತು. ಆದರೂ ಬಾಯಿ ತೆರೆದಾಗಿತ್ತು, ಅರ್ಧಕ್ಕೆ ಬಿಡುವಂತಿರಲಿಲ್ಲ.

"ಮಣ್ಣು ಬ್ಯಾಡ್ರಿ ಭಾವಾ. ಬೆನ್ನು ಮುರೀತಂತ ನೀವೇ ಅಂದ್ರಿ. ಆ ಬೆನ್ನು ಉಳೀಲಿ ಸಾಕು. ತಿಂಗಳಾ ತಿಂಗಳಾ ಬಾಡಗಿ ಬಂದ್ರ ಇವ್ರು ನಾಳೆ ಕೆಲಸಾ ಬಿಡ್ತಾರ."

ಭಾವ ಕಾಲಿಗೆ ಮೆತ್ತಿದ ಮಣ್ಣನ್ನು ಗಡಿಕಲ್ಲಿಗೆ ಒರೆಸಿಕೊಂಡರು. ಇವರು ಕೆಸರಿನಲ್ಲಿ ಹೂತ ತಮ್ಮ ಎರಡೂ ಪಾದಗಳನ್ನು ನೋಡುತ್ತ ನಿಂತಿದ್ದರು, ಒಂದು ಮಾತು ಆಡಲಿಲ್ಲ. ಅಣ್ಣನ ಎದುರಿಗೆ ಆಡುವುದು ಅವರ ಸ್ವಭಾವವಲ್ಲ, ನನ್ನ ಮಾತಿಗೆ ಒಪ್ಪಿಗೆಯಿದೆ ಎಂದುಕೊಂಡೆ.

"ನೀ ಅಂದದ್ದು ಖರೆ ಅದ," ಎಂದು ಭಾವ ಎದ್ದರು. "ಇದು ನಾ ಒಬ್ಬಾಂವೇ ತಗೋತೀನಿ. ನಿಮ್ಮ ರೊಕ್ಕ ನಿಮಗ ಹ್ಯಾಂಗ ಬೇಕೋ ಹಂಗ ಹಾಕ್ರಿ."

ಕಾಯಿ ಒಡೆದೆವು. ಮಳೆಯಲ್ಲಿ ಕರ್ಪೂರ ಹತ್ತಲಿಲ್ಲ. ಸ್ಟೇಷನ್ನಿಗೆ ಬಿಡುವಾಗ ಭಾವ ದಾರಿಯುದ್ದಕ್ಕೂ ನನ್ನ ಜೊತೆಗೇ ಮಾತಾಡಿದರು, ಗಾಳಾ ಎಷ್ಟು ಅಗಲ, ಬಾಡಿಗೆಯವನು ಎಂಥವನು, ಕರಾರು ಎಷ್ಟು ದಿನದ್ದು ಎಂದು. ಶಾಂತಕ್ಕ ಹಿಂದಿನ ಸೀಟಿನಲ್ಲಿ ಮುನಿಸಿಕೊಂಡು ಕೂತಿದ್ದಳು. ಅವಳ ಕೆಲಸ ಹೋಗಿತ್ತು.

ಮುಂದಿನದೆಲ್ಲ ನಾನು ಅಂದುಕೊಂಡದ್ದಕ್ಕಿಂತ ಬೇಗ ನಡೆಯಿತು. ಬಾಡಿಗೆ ಕೇಳಿದ್ದ ಔಷಧಿ ಅಂಗಡಿಯವರ ಜೊತೆ ನಾನೇ ಕೂತು ಮಾತು ಮುಗಿಸಿದೆ. ಬಾಡಿಗೆ ಎಷ್ಟು ಬಂದರೆ ಇವರು ಕೆಲಸ ಬಿಡಬಹುದು ಎಂಬುದು ನನಗೆ ಮೊದಲೇ ಗೊತ್ತಿತ್ತು, ಅದಕ್ಕಿಂತ ಕೆಳಗೆ ಇಳಿಯಲಿಲ್ಲ. ದಸರೆಯ ಹೊತ್ತಿಗೆ ರಿಜಿಸ್ಟ್ರಿ ಆಯಿತು. ಅಂಗಡಿಯಲ್ಲಿ ಜೊತೆಯವರಿಗೆ ಪೇಡೆ ಹಂಚಿ, ಏನು ಬೇಕೆಂದು ಮೊದಲು ಗೊತ್ತು ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ ಎಂದು ಎಲ್ಲರಿಗೂ ಉಪದೇಶ ಮಾಡಿದೆ. ನನಗೆ ಸ್ವಲ್ಪ ಜಂಬ ಬಂದಿತ್ತು.

ಕೀಲಿಕೈ ಸಿಕ್ಕ ದಿನ ನಾವಿಬ್ಬರೇ ಹೋದೆವು. ಶಟರನ್ನು ನಾನು ಎತ್ತುತ್ತೇನೆ, ನೀವು ಬಗ್ಗಬೇಡಿ ಎಂದರೂ ಇವರು ಕೇಳಲಿಲ್ಲ. ಒಳಗೆ ಹಸಿ ಸಿಮೆಂಟು, ಹೊಸ ಸುಣ್ಣ. ಹಿಂದೆ ಒಂದು ನಲ್ಲಿ, ಕೈಕಾಲು ತೊಳೆಯುವ ಮೋರಿಯಷ್ಟು ಜಾಗ. ನಾನು ಗೋಡೆಗೆ ಕುಂಕುಮ ಹಚ್ಚಿ ಊದಿನಕಡ್ಡಿ ಬೆಳಗಿದೆ. ಇವರು ಗೋಡೆಯ ಮೇಲೆ ಅಂಗೈ ಆಡಿಸುತ್ತ ಒಂದು ಸುತ್ತು ನಡೆದು, ನಲ್ಲಿಯ ಹತ್ತಿರ ಹೋಗಿ ನಿಂತರು.

"ಇಲ್ಲಿ ಒಲಿ ಇಡಬಹುದು," ಎಂದರು. "ಮೂಡಲ ದಿಕ್ಕು. ಇಲ್ಲೊಂದು ಕಿಡಕಿ ಒಡದ್ರ ಮುಂಜಾನಿ ಬಿಸಲು ಬರ್ತದ. ಈ ಬದಿಗಿ ಶ್ರುತಿದು ಟೇಬಲ್."

ನಾನು ನಕ್ಕೆ. "ಇದು ಅಂಗಡಿರಿ. ಮನಿ ಅಲ್ಲ."

"ಗೊತ್ತದ," ಎಂದರು. ನಗಲಿಲ್ಲ. ಕೈ ಗೋಡೆಯ ಮೇಲೆಯೇ ಇತ್ತು. ಹನ್ನೊಂದು ತಿಂಗಳ ಕರಾರು ಮುಗಿದಾಗಲೆಲ್ಲ ಟೆಂಪೋದ ಹಿಂದೆ ಹಾಸಿಗೆ ಕಪಾಟು ಹಿಡಿದುಕೊಂಡು ಮನೆ ಮನೆ ಬದಲಿಸಿದ ಮನುಷ್ಯ. ಒಮ್ಮೆಯೂ ಬೇಸರ ಎಂದವರಲ್ಲ. ನನ್ನ ನಗು ಬಾಯಲ್ಲೇ ನಿಂತಿತು.

"ನಿಮಗ ಮನಿ ಬೇಕಾಗಿತ್ತೇನ್ರಿ?"

"ಮೊದಲಿಂದ."

"ಮತ್ತ ಇಡೀ ಮಳಿಗಾಲ ಊರೂರು ತಿರಗಿದಿವಲ್ಲ, ಒಮ್ಮಿನೂ ಯಾಕ ಬಾಯಿ ಬಿಡಲಿಲ್ಲ?"

"ಅಣ್ಣ ತನ್ನದು ಹೇಳ್ದ. ನೀ ನಿಂದು ಹೇಳ್ದಿ. ನನಗ ಯಾರು ಕೇಳಿದ್ರಿ?"

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎದುರುತ್ತರ ಕೊಡುತ್ತಿದ್ದೆ. ಅಷ್ಟರಲ್ಲಿ ಹೊರಗೆ ಚಪ್ಪಲಿ ಬಿಟ್ಟ ಸದ್ದಾಯಿತು. ಬಾಡಿಗೆಯವರು ಒಬ್ಬ ಬಡಿಗನನ್ನು ಕರೆದುಕೊಂಡು ಕಪಾಟಿನ ಅಳತೆಗೆ ಬಂದಿದ್ದರು. ಒಂದು ತಿಂಗಳು ಬಿಟ್ಟು ಬನ್ನಿ ಎಂದುಬಿಡಲೇ ಎನಿಸಿತು. ಇದನ್ನು ಮಾರಿ ಎಲ್ಲಾದರೂ ಎರಡು ಕೋಣೆ ತೆಗೆದುಕೊಳ್ಳೋಣ ಎಂದೂ ಅನಿಸಿತು. ಆದರೆ ಎರಡು ಕೋಣೆ ತೆಗೆದುಕೊಂಡರೆ ಇವರು ಮತ್ತೆ ಲೇತಿನ ಮುಂದೆ ನಿಲ್ಲಬೇಕು. ಹೇಗೆ ತಿರುವಿ ಹಾಕಿದರೂ ದುಡ್ಡಿನ ಗಂಟು ಒಂದೇ ಇತ್ತು.

ನಾನು ಬಾಯಿ ತೆರೆಯುವ ಮೊದಲೇ ಇವರು ಮುಂದೆ ಹೋಗಿ ಕೀಲಿಕೈಯನ್ನು ಎರಡೂ ಕೈಯಿಂದ ಅವರಿಗೆ ಕೊಟ್ಟರು. ಜಾಗ ಚೆನ್ನಾಗಿದೆ, ಗೋಡೆ ಗಟ್ಟಿ ಇದೆ, ಹಿಂದೆ ನಲ್ಲಿಯೂ ಇದೆ ಎಂದು ಮರಾಠಿಯಲ್ಲಿ ಹೇಳಿ, ಸೊಂಟಕ್ಕೆ ಕೈಯಿಟ್ಟುಕೊಂಡು ರಸ್ತೆಗೆ ಇಳಿದರು. ಮುಂದಿನ ವಾರದಿಂದ ಓಝರ್‌ನ ಕೆಲಸಕ್ಕೆ ಹೋಗಲಿಲ್ಲ. ನಾನು ಬಯಸಿದ್ದು ಬಯಸಿದ ಹಾಗೇ ಆಗಿತ್ತು.